ಜೆಸಿಬಿಯ ಹಿಂದಿನ ಕೈ ಎಲ್ಲಿ?

ಪ್ರಶ್ನೆ: ನನ್ನ ಮಗಳಿಗೆ ಒಂದು ವರ್ಷ ಎಂಟು ತಿಂಗಳು. ವಾಹನಗಳ ಒಂದು ಚಿತ್ರಪುಸ್ತಕ ಇದೆ, ಅದನ್ನೇ ದಿನಕ್ಕೆ ಹತ್ತು ಸಲ ಓದಿಸುತ್ತಾಳೆ. ಲಾರಿ, ಕಾರು, ಆಂಬುಲೆನ್ಸ್ ಎಲ್ಲವೂ ಅವಳಿಗೆ ‘ಬಸ್ಸು’. ತಿದ್ದಿದರೆ ಪುಸ್ತಕ ಮುಚ್ಚಿಬಿಡುತ್ತಾಳೆ. ಇನ್ನೊಂದು ಪುಸ್ತಕ ತರೋಣ ಅಂತಿದ್ದೇನೆ. ನೂರು ವಾಹನ ಇರುವಂಥದ್ದು ತರಲೇ?

ಉತ್ತರ: ಮೊದಲು ಬಸ್ಸಿನ ವಿಷಯ. ನಾಲ್ಕು ಕಾಲಿರುವುದೆಲ್ಲ ನಾಯಿ, ಚಕ್ರ ಇರುವುದೆಲ್ಲ ಬಸ್ಸು. ಈ ವಯಸ್ಸಿನಲ್ಲಿ ಎಷ್ಟೋ ಮಕ್ಕಳು ಹೀಗೇ ಹೇಳುತ್ತಾರೆ. ಚಕ್ರ ಇದೆ, ಓಡುತ್ತೆ, ಹಾಗಾದರೆ ಇದೂ ಅದೇ ಜಾತಿ ಅಂತ ಅವಳ ಲೆಕ್ಕ. ಲೆಕ್ಕ ಅಷ್ಟೇನೂ ತಪ್ಪಿಲ್ಲ, ಅಲ್ವಾ? ‘ಅಲ್ಲ, ಅದು ಲಾರಿ’ ಅನ್ನುವ ಬದಲು ‘ಹೂಂ, ಲಾರಿ! ಎಷ್ಟು ಮಣ್ಣು ತುಂಬಿಕೊಂಡಿದೆ ನೋಡು’ ಅನ್ನಿ. ಹೆಸರು ಕಿವಿಗೆ ಬೀಳುತ್ತಿದ್ದರೆ ಸಾಕು. ಹತ್ತು ಸಲ ಓದುವುದು ನಿಮಗೆ ಬೇಜಾರು. ಆದರೆ ಪುಟ ತಿರುಗಿಸುವ ಮೊದಲೇ ಏನು ಬರುತ್ತೆ ಅಂತ ಗೊತ್ತಿರುವುದೇ ಅವಳಿಗೆ ಖುಷಿ.

ನೂರು ವಾಹನದ ಪುಸ್ತಕ ಈಗಲೇ ಬೇಡ. ಅದರಲ್ಲಿ ಚಿತ್ರಗಳು ಅಂಚೆಚೀಟಿಯಷ್ಟು ಇರುತ್ತವೆ. ಪುಟಕ್ಕೆ ಒಂದೇ ವಾಹನ, ಪಕ್ಕದಿಂದ ಪೂರ್ತಿ ಕಾಣುವ ಹಾಗೆ ಇರುವುದನ್ನು ತನ್ನಿ. ರಟ್ಟಿನ ಪುಟ, ಗುಂಡಗಿನ ಮೂಲೆ. ಆಮೇಲೆ ಚಿತ್ರ ಸರಿ ಇದೆಯಾ ನೋಡಿ. ಇದನ್ನು ನಾನು ಪೆಟ್ಟು ತಿಂದು ಕಲಿತವಳು.

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ಕಸುಬು. ಒಮ್ಮೆ ಜೆಸಿಬಿ ಬರೆದಿದ್ದೆ. ಎದುರಿನಿಂದ ನೋಡಿದ ಹಾಗೆ, ಮುಂದಿನ ದೊಡ್ಡ ಬಕೆಟ್ ಪುಟದ ತುಂಬ. ಚೆನ್ನಾಗಿ ಬಂದಿದೆ ಅಂತ ಬೀಗಿಕೊಂಡು ಮೊಮ್ಮಗನಿಗೆ ತೋರಿಸಿದೆ. ಆಗ ಅವನಿಗೆ ಎರಡು ವರ್ಷವೂ ತುಂಬಿರಲಿಲ್ಲ. ಬಕೆಟ್ ಮುಟ್ಟಿದ. ಹಾಳೆಯನ್ನು ಮಗುಚಿ ಹಾಕಿ ಹಿಂದೆ ನೋಡಿದ. ಖಾಲಿ. ಮತ್ತೆ ಮುಂದೆ ತಿರುಗಿಸಿ, ಮತ್ತೆ ಹಿಂದೆ ನೋಡಿ, ನನ್ನ ಮುಖ ನೋಡಿದ. ನೆಲ ಅಗೆಯುವ ಆ ಉದ್ದನೆಯ ಕೈ ಇರುವುದು ಹಿಂದೆ ತಾನೇ? ಅವನು ಹುಡುಕುತ್ತಿದ್ದದ್ದು ಅದನ್ನೇ. ಅವತ್ತೇ ಕೂತು ಚಿತ್ರವನ್ನು ಪಕ್ಕದಿಂದ ಮತ್ತೆ ಬರೆದೆ, ಮೂರು ಕಡೆ ಮಡಚುವ ಕೈ ಸಮೇತ.

ಹಾಗಾಗಿ ಕೊಳ್ಳುವ ಮೊದಲು ಒಂದೆರಡು ಪುಟ ಬಿಡಿಸಿ ನೋಡಿ. ಹೆಲಿಕಾಪ್ಟರಿನ ಬಾಲದಲ್ಲಿ ಚಿಕ್ಕ ರೆಕ್ಕೆ ಇದೆಯಾ? ಅದಿಲ್ಲದಿದ್ದರೆ ಮೇಲೆ ಒಂದೇ ದೊಡ್ಡ ರೆಕ್ಕೆ ಇರುವ ಹೆಲಿಕಾಪ್ಟರು ತಾನೇ ಗಿರಗಿರ ಸುತ್ತಿಬಿಡುತ್ತೆ. ಕರೆಂಟಿನ ರೈಲಿನ ಎಂಜಿನ್ ಮೇಲೆ ತಂತಿ ಮುಟ್ಟುವ ಕೈ ಇದೆಯಾ? (ಹೊಗೆ ಉಗುಳುವ ರೈಲು ಪುಸ್ತಕಗಳಲ್ಲಿ ಇನ್ನೂ ಓಡುತ್ತಲೇ ಇದೆ. ಇರಲಿ ಬಿಡಿ, ‘ಕೂ ಚುಕ್ ಚುಕ್’ ಅನ್ನೋಕೆ ಅದೇ ಬೇಕು.) ಕಣ್ಣು, ಬಾಯಿ ಇಟ್ಟ ಕಾರುಗಳು ನನಗೆ ಹಿಡಿಸುವುದಿಲ್ಲ. ದೀಪ ಎಲ್ಲಿದೆ ಅಂತ ಮಗು ಕೇಳಿದರೆ ಏನು ತೋರಿಸುತ್ತೀರಿ?

ಕಾಂಕ್ರೀಟ್ ಲಾರಿ ಇರುವ ಪುಸ್ತಕ ಸಿಕ್ಕರೆ ಬಿಡಬೇಡಿ. ಬೆನ್ನ ಮೇಲಿನ ಆ ಡ್ರಮ್ಮಿನ ಒಳಗೆ ಸುರುಳಿ ಸುರುಳಿಯಾಗಿ ಪಟ್ಟಿ ಇರುತ್ತೆ. ಒಂದು ಕಡೆ ತಿರುಗಿದರೆ ಕಾಂಕ್ರೀಟ್ ಕಲಸುತ್ತೆ, ಉಲ್ಟಾ ತಿರುಗಿದರೆ ಹೊರಗೆ ಸುರಿಯುತ್ತೆ. ಇದನ್ನೆಲ್ಲ ಮಗುವಿಗೆ ವಿವರಿಸಬೇಕಿಲ್ಲ. ನಿಮ್ಮ ಬೆರಳಿನಿಂದ ಡ್ರಮ್ಮಿನ ಮೇಲೆ ಒಮ್ಮೆ ಹೀಗೆ, ಒಮ್ಮೆ ಹಾಗೆ ಸುತ್ತು ಹಾಕಿ, ‘ಗರ್ರ್... ಬುಳಕ್’ ಅನ್ನಿ. ಮೂರನೇ ಸಲಕ್ಕೆ ಅವಳೇ ನಿಮ್ಮ ಬೆರಳು ಹಿಡಿದು ಅಲ್ಲಿಡುತ್ತಾಳೆ.

ಪ್ರಶ್ನೆ: ಗುಂಡಿ ಒತ್ತಿದರೆ ಹಾರ್ನ್, ಸೈರನ್ ಕೇಳಿಸುವ ಪುಸ್ತಕ ಒಂದು ವರ್ಷದ ಮಗುವಿಗೆ ಕೊಡಬಹುದೇ?

ಉತ್ತರ: ಕೊಡಬಹುದು. ಆದರೆ ಮಗು ಪುಟ ಬಿಟ್ಟು ಗುಂಡಿಯನ್ನೇ ಒತ್ತುತ್ತಾ ಕೂರುತ್ತೆ, ‘ಪೋಂ ಪೋಂ’ ಅನ್ನುವ ಕೆಲಸ ನಿಮ್ಮ ಕೈ ತಪ್ಪುತ್ತೆ. ಅದಕ್ಕಿಂತ ಮುಖ್ಯ, ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಈ ಪುಸ್ತಕಗಳಲ್ಲಿ ಹೆಚ್ಚಾಗಿ ನಾಣ್ಯದಂಥ ಚಿಕ್ಕ ಬ್ಯಾಟರಿ ಇರುತ್ತೆ. ಮಗು ನುಂಗಿದರೆ ಅದು ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಟ್ಟುಬಿಡಬಹುದು. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ.