ದಾವಣಗೆರೆ ಕಡೆಯ ಹೆದ್ದಾರಿಗೆ ನಮ್ಮ ಭಾಗದ ರಾಜಕಾರಣಿಯ ಹೆಸರಿಡುವುದಾದರೆ ಯಾರ ಹೆಸರು ಸೂಕ್ತ? ಇಟ್ಟರೂ ಜನ ಹಾಗೆ ಕರೀತಾರಾ?

ನನ್ನನ್ನು ಕೇಳಿದರೆ, ದಾವಣಗೆರೆಯಿಂದ ಚನ್ನಗಿರಿಗೆ ಹೋಗುವ ರಸ್ತೆಗೆ ಜೆ.ಎಚ್. ಪಟೇಲರ ಹೆಸರು ಇಡಬೇಕು.

ಅವರು ಮುಖ್ಯಮಂತ್ರಿ ಆಗಿದ್ದರು ಅನ್ನುವುದೊಂದೇ ಕಾರಣ ಆದರೆ ರಾಜ್ಯದ ಯಾವ ರಸ್ತೆಗೆ ಬೇಕಾದರೂ ಅವರ ಹೆಸರು ಇಡಬಹುದು. ಈ ರಸ್ತೆಗೂ ಅವರಿಗೂ ಇರುವ ನಂಟೇ ಬೇರೆ. ಅವರ ಊರು ಕಾರಿಗನೂರು, ಚನ್ನಗಿರಿ ತಾಲ್ಲೂಕಿನದು. 1997ರವರೆಗೆ ಈ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಡಿಸಿ ಆಫೀಸಿನಲ್ಲಿ ಕೆಲಸ ಇದ್ದರೆ ಶಿವಮೊಗ್ಗದ ಬಸ್ಸೇ ಹತ್ತಬೇಕಿತ್ತು. ಆ ವರ್ಷ ಪಟೇಲರ ಸರ್ಕಾರ ಏಳು ಹೊಸ ಜಿಲ್ಲೆ ಮಾಡಿತು. ಅದರಲ್ಲಿ ದಾವಣಗೆರೆಯೂ ಒಂದು. ಅಂದಿನಿಂದ ಚನ್ನಗಿರಿಯವರಿಗೆ ಇದು ಜಿಲ್ಲಾ ಕೇಂದ್ರದ ದಾರಿ ಆಯಿತು.

ಬೆಳಗಿನ ಬಸ್ಸಿನಲ್ಲಿ ಒಮ್ಮೆ ಬಂದು ನೋಡಿ. ಪಹಣಿ, ಆಧಾರ್ ಜೆರಾಕ್ಸ್, ಹಳೇ ಅರ್ಜಿ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡ ಅಜ್ಜ ಒಬ್ಬರಾದರೂ ಇರುತ್ತಾರೆ. ಡಿಸಿ ಆಫೀಸಿಗೆ ಎಲ್ಲಿ ಇಳೀಬೇಕಪ್ಪ ಅಂತ ಕಂಡಕ್ಟರನ್ನು ಮೂರು ಸಲ ಕೇಳುತ್ತಾರೆ. ಅಂಥವರು ಓಡಾಡುವ ರಸ್ತೆಗೆ ಪಟೇಲರ ಹೆಸರು ಇಡಿ ಅಂತ ನಾನು ಹೇಳುತ್ತಿರುವುದು.

ಚನ್ನಗಿರಿ ಪೇಟೆಗೆ ಶಿವಮೊಗ್ಗವೇ ಹತ್ತಿರ ಅಂತ ಕೆಲವರು ಹೇಳುತ್ತಾರೆ. ನಿಜ, ಆಸ್ಪತ್ರೆಗೆ, ವ್ಯಾಪಾರಕ್ಕೆ ಈಗಲೂ ಆ ಕಡೆ ಹೋಗುವವರು ಜಾಸ್ತಿ ಇದ್ದಾರೆ. ಆದರೆ ತ್ಯಾವಣಿಗೆ, ಸಂತೆಬೆನ್ನೂರು ಕಡೆಯವರಿಗೆ ದಾವಣಗೆರೆ ಹತ್ತಿರ.

ಚಿತ್ರದುರ್ಗದ ಕಡೆ ಕೇಳಿದರೆ ನಿಜಲಿಂಗಪ್ಪನವರ ಹೆಸರು ತಾನಾಗಿ ಬರುತ್ತದೆ. 1956ರಲ್ಲಿ ಏಕೀಕರಣ ಆದಾಗ ಮೊದಲ ಮುಖ್ಯಮಂತ್ರಿ ಅವರೇ. ಅವರ ಸ್ಮಾರಕ ಸೀಬಾರದಲ್ಲಿ ಹೆದ್ದಾರಿ ಪಕ್ಕದಲ್ಲೇ ಇದೆ.

ಜನ ಕರೀತಾರಾ ಅನ್ನುವ ನಿಮ್ಮ ಅನುಮಾನ ಸರಿಯೇ. ದಾವಣಗೆರೆಯಲ್ಲಿ ಬೈಪಾಸ್ ಆಗಿ ಎಷ್ಟೋ ಕಾಲವಾಯಿತು. ಪುಣೆ ಲಾರಿಗಳು ಈಗ ಊರೊಳಗೆ ಬರುವುದಿಲ್ಲ. ಆದರೂ ಊರೊಳಗಿನ ರಸ್ತೆ ಇವತ್ತಿಗೂ ಪಿ.ಬಿ. ರೋಡೇ, ಅಂದರೆ ಪುಣೆ-ಬೆಂಗಳೂರು ರೋಡ್. ಬಾಯಿಗೆ ಸಲೀಸಾದ ಹೆಸರು ಅಷ್ಟು ಬೇಗ ಹೋಗುವುದಿಲ್ಲ. ಅದಕ್ಕೇ ಬೋರ್ಡಿನಲ್ಲಿ ‘ಮಾಜಿ ಮುಖ್ಯಮಂತ್ರಿ ದಿವಂಗತ ಶ್ರೀ’ ಅಂತೆಲ್ಲ ಉದ್ದುದ್ದ ಬರೆಯಬಾರದು. ‘ಜೆ.ಎಚ್. ಪಟೇಲ್ ರಸ್ತೆ’ ಅಂದರೆ ಸಾಕು. ಕಂಡಕ್ಟರು, ಆಟೋದವರು ಅದನ್ನು ಪಟೇಲ್ ರೋಡ್ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

ನಗರದಲ್ಲಿ ಅವರ ಹೆಸರಿನ ಬಡಾವಣೆ ಇದೆಯಲ್ವಾ ಅಂತ ನೀವು ಕೇಳಬಹುದು. ಇದೆ. ಆದರೆ ಅಲ್ಲಿ ಆ ಹೆಸರು ಸುಮ್ನೆ ವಿಳಾಸ ಆಗಿಬಿಟ್ಟಿದೆ. ರಸ್ತೆಗೂ ಹಾಗಾಗಬಾರದು. ಬಸ್ ನಿಲ್ಲುವ ಕಡೆಯಲ್ಲೆಲ್ಲ ಹೆಸರಿನ ಕೆಳಗೆ ಎರಡು ಸಾಲು ಬರೆಸಬೇಕು: 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋಗಿ ಲೋಕಸಭೆಯಲ್ಲಿ ಮೊದಲು ಕನ್ನಡದಲ್ಲಿ ಮಾತಾಡಿದವರು, 1997ರಲ್ಲಿ ಈ ಜಿಲ್ಲೆ ಮಾಡಿದವರು. ಬಸ್ಸಿಗೆ ಕಾಯುವ ಮಕ್ಕಳು ಓದಿಕೊಳ್ಳುತ್ತಾರೆ.

ಇನ್ನೊಂದು ವಿಷಯ. ಸುಗ್ಗಿಯಲ್ಲಿ ನಮ್ಮ ಕಡೆ ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿ, ಅಂಚಿಗೆ ಕಲ್ಲು ಇಡುತ್ತಾರೆ. ರಾತ್ರಿ ಬೈಕಿನವರಿಗೆ ಆ ಕಲ್ಲು ಕಾಣುವುದಿಲ್ಲ. ರೈತರನ್ನು ಬೈದು ಉಪಯೋಗ ಇಲ್ಲ, ಅವರಿಗೆ ಒಣಗಿಸಲು ಬೇರೆ ಜಾಗ ಎಲ್ಲಿದೆ? ಹೆಸರಿಡುವ ಮನವಿ ಕೊಡುವಾಗ ಊರೂರಿಗೆ ಒಂದು ಒಕ್ಕಣೆ ಕಣವನ್ನೂ ಅದರಲ್ಲೇ ಕೇಳಿ.