ಪುಟ್ಟಿ ಹಚ್ಚಿದ ಕಾರು, ಹಚ್ಚದ ಕಾರು

(ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಮೂವತ್ತನಾಲ್ಕು ವರ್ಷ ಗ್ಯಾರೇಜು ನಡೆಸಿ, ಈಗ ಅದನ್ನು ಮಗನ ಕೈಗೆ ಕೊಟ್ಟಿರುವ ನಮ್ಮ 'ಗ್ಯಾರೇಜ್ ಕಾಕಾ' ಓದುಗರಿಗೆ ಉತ್ತರಿಸಿದ್ದಾರೆ. ಈ ಸಲ ಬಂದ ಪತ್ರಗಳೆಲ್ಲ ಹಳೆಯ ಜಪಾನಿ ಕಾರುಗಳ ಬಗ್ಗೆ.)

ಪ್ರಶ್ನೆ: ಕಾಕಾ, ನಮ್ಮ ಸೋದರಮಾವ ನಲವತ್ತು ವರ್ಷದಿಂದ ನೈರೋಬಿಯಲ್ಲಿದ್ದಾರೆ. ಅವರ ಹತ್ತಿರ 1972ರ ಡಾಟ್ಸನ್ 240 ಝಡ್ ಕಾರಿದೆ. ಹತ್ತು ವರ್ಷದಿಂದ ಶೆಡ್ಡಿನಲ್ಲೇ ನಿಂತಿದೆ. 'ನಿನಗ ಬೇಕಾದ್ರ ತಗೊಂಡು ಹೋಗು' ಅನ್ನುತ್ತಾರೆ. ಎಂಜಿನ್ ಜಾಮ್ ಆಗಿದೆಯಂತೆ, ಅದೇ ದೊಡ್ಡ ಚಿಂತೆ. ಗದಗಿಗೆ ತರಬಹುದೇ?
– ಒಬ್ಬ ಓದುಗ, ಬೆಟಗೇರಿ

ಉತ್ತರ: ತಮ್ಮಾ, ನಿನ್ನ ಪತ್ರ ಓದುತ್ತ ಕುಳಿತು ಅವತ್ತು ನನ್ನ ಚಹಾ ಆರಿಹೋಯಿತು. ನೈರೋಬಿ ಅಂದೆಯಲ್ಲ, ಆ ಕಾರಿಗೂ ಆ ಊರಿಗೂ ಹಳೆಯ ನಂಟು. ಆ ಸೀಮೆಯಲ್ಲೇ ನಡೆಯುವ ಸಫಾರಿ ರ‍್ಯಾಲಿಯನ್ನು 1971ರಲ್ಲಿ ಗೆದ್ದದ್ದು ಇದೇ 240 ಝಡ್. 1973ರಲ್ಲಿ ಮತ್ತೆ ಗೆದ್ದಾಗ ಸ್ಟೇರಿಂಗ್ ಹಿಡಿದಿದ್ದವರು ಶೇಖರ್ ಮೆಹ್ತಾ, ನಮ್ಮ ದೇಶದ ಮೂಲದವರು. ಆಮೇಲೆ 1979ರಿಂದ 82ರವರೆಗೆ ಸತತ ನಾಲ್ಕು ಸಲ, ಒಟ್ಟು ಐದು ಸಲ ಆ ರ‍್ಯಾಲಿ ಗೆದ್ದರು. ಮಾವನನ್ನು ಕೇಳಿ ನೋಡು, ಅವರು ಆ ಕಾರು ಕೊಂಡದ್ದರ ಹಿಂದೆ ಇಂಥದ್ದೇ ಕಥೆ ಇದ್ದೀತು.

ಎಂಜಿನ್ ಚಿಂತೆ ಬಿಡು. ಆರು ಸಿಲಿಂಡರು, 2393 ಸಿಸಿ, ಬೀಡುಕಬ್ಬಿಣದ ಬ್ಲಾಕು, ಅಲ್ಯುಮಿನಿಯಂ ಹೆಡ್ಡು. ಗಟ್ಟಿ ಜೀವ. ಆದರೆ ಮಾವನಿಗೆ ಒಂದು ಮಾತು ಕಡ್ಡಾಯ ಹೇಳು: ಬ್ಯಾಟರಿ ಹಚ್ಚಿ ಸೆಲ್ಫ್ ಹೊಡೆಯಬಾರದು. ಪ್ಲಗ್ಗು ಬಿಚ್ಚಿ ಆರೂ ತೂತಿಗೆ ಡೀಸೆಲ್ಲು, ಗೇರ್ ಎಣ್ಣೆ ಬೆರೆಸಿ ಸ್ವಲ್ಪ ಸ್ವಲ್ಪ ಬಿಟ್ಟು ಒಂದು ವಾರ ಸುಮ್ಮನಿರಬೇಕು. ಆಮೇಲೆ ಮುಂದಿನ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಕೈಯಿಂದ ಹಿಂದೆ ಮುಂದೆ ಅಲುಗಿಸಬೇಕು. ಬಂದರೆ ಬಂತು. ಬಾರದಿದ್ದರೆ ಬಿಚ್ಚಿ ಬೋರ್ ಮಾಡಿಸಿದರಾಯಿತು, ಅದಕ್ಕೆ ಹುಬ್ಬಳ್ಳಿಯಲ್ಲಿ ಒಳ್ಳೆಯ ಲೇತ್‌ನವರಿದ್ದಾರೆ.

ನನಗೆ ಹೆದರಿಕೆ ಇರುವುದು ಜಂಗಿನದು, ಅಂದರೆ ತುಕ್ಕಿನದು. ಜೀಪಿಗಾದರೆ ಚಾಸಿ, ಅಂದರೆ ಕೆಳಗಿನ ಚೌಕಟ್ಟು ಬೇರೆ, ಬಾಡಿ ಬೇರೆ. ಬಾಡಿ ತಿಂದುಹೋದರೂ ಚಾಸಿ ಉಳಿಯುತ್ತದೆ. ಈ ಕಾರಿಗೆ ತಗಡಿನ ಪತ್ರಾನೇ ಮೈ, ಪತ್ರಾನೇ ಎಲುಬು. ಅದೂ ತೆಳ್ಳಗಿನ ಪತ್ರಾ. ಇಡೀ ಕಾರಿನ ತೂಕ ಒಂದು ಟನ್ನಿಗೆ ಸ್ವಲ್ಪ ಹೆಚ್ಚು ಅಷ್ಟೆ. ಹಾಗಾಗಿ ಚಂದದ ಫೋಟೋ ಬೇಡ, ಈ ಜಾಗಗಳ ಫೋಟೋ ತರಿಸು. ಬ್ಯಾಟರಿ ಕೂರುವ ತಟ್ಟೆ ಮೊದಲು, ಆಸಿಡ್ ಸೋರಿ ಅದು ತಿಂದಿರುತ್ತದೆ, ಅದರ ಕೆಳಗಿನದೂ ತಿಂದಿರುತ್ತದೆ. ಕಾಲಡಿಯ ಮ್ಯಾಟ್ ಎತ್ತಿಸಿ ನೆಲದ ಪತ್ರಾ ನೋಡು. ಕೆಳಗೆ ಮಲಗಿ ತೆಗೆದ ಫೋಟೋದಲ್ಲಿ ಉದ್ದಕ್ಕೆ ಹೋಗುವ ಎರಡು ರೇಲು ಕಾಣಬೇಕು. ಬಾಗಿಲಿನ ಹಿಂದೆ, ಹಿಂದಿನ ಚಕ್ರದ ಮುಂದೆ ಮೊಣಕಾಲಿನ ಹಾಗೆ ಬಾಗಿದ ಮೂಲೆ ಇದೆ, ಅಲ್ಲಿ ಕೆಸರು ಕೂತು ಒಳಗಿನಿಂದ ಜಂಗು ಹತ್ತುತ್ತದೆ. ಹಿಂದಿನ ಬಾಗಿಲ ಅಂಚು, ಸ್ಟೆಪ್ನಿ ಕೂರುವ ಗುಂಡಿ ಇವೂ ಬೇಕು. ಮತ್ತೆ ಒಂದು ಅಯಸ್ಕಾಂತಕ್ಕೆ ತೆಳ್ಳನೆ ಬಟ್ಟೆ ಸುತ್ತಿ ಮೈಯೆಲ್ಲ ಹಚ್ಚಿ ನೋಡಲು ಹೇಳು. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ಪತ್ರಾ ಇಲ್ಲ, ತೂತು ಮುಚ್ಚಲು ಮೆತ್ತಿದ ಪುಟ್ಟಿ ಇದೆ.

ನೆಲದ ಪತ್ರಾ, ರೇಲು ಇವೆಲ್ಲ ಹೊಸದಾಗಿ ಮಾಡುವವರು ಅಮೆರಿಕದಲ್ಲಿದ್ದಾರೆ, ತರಿಸಬಹುದು. ಆದರೆ ಗ್ಯಾಸ್ ವೆಲ್ಡಿಂಗ್ ಮಾಡಲು ಬಿಡಬೇಡ. ಇಷ್ಟು ತೆಳ್ಳನೆಯ ಪತ್ರಾ ಶಾಖಕ್ಕೆ ಹಪ್ಪಳದ ಹಾಗೆ ಎದ್ದು ನಿಲ್ಲುತ್ತದೆ.

ಇನ್ನು ಕಾಗದ. ಹೊರದೇಶದಿಂದ ಹಳೆಯ ಗಾಡಿ ತರಲು ಮೊದಲು 1950ಕ್ಕಿಂತ ಹಿಂದಿನವಕ್ಕಷ್ಟೇ ಬಾಗಿಲು ತೆರೆದಿತ್ತು. 2025ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದವಕ್ಕೂ ತೆರೆಯಿತು. ನಿನ್ನದು ಆ ಲೆಕ್ಕದಲ್ಲಿ ಬರುತ್ತದೆ. ಆದರೆ ಸುಂಕ ಹಗುರವಿಲ್ಲ, ಹಡಗಿನ ಬಾಡಿಗೆಯೂ ಕೂಡುತ್ತದೆ. ಕಸ್ಟಮ್ಸ್ ಏಜೆಂಟರಿಂದ ಲೆಕ್ಕ ಬರೆಸಿಕೊಳ್ಳುವ ತನಕ ಯಾರಿಗೂ ಮುಂಗಡ ಕೊಡಬೇಡ. ಎಂಜಿನ್ ಹಿಂದಿನ ಗೋಡೆಯಲ್ಲಿ ಚಾಸಿ ನಂಬರ್ ಕೊರೆದಿರುತ್ತದೆ. ಬಲಗೈ ಸ್ಟೇರಿಂಗಿನ ಗಾಡಿ ಆಗಿರುವುದರಿಂದ ಅದು ಎಚ್‌ಎಸ್30 ಅಂತ ಶುರುವಾಗಬೇಕು. ಎಂಜಿನ್ ಕೋಣೆಯ ತಗಡಿನ ಪಟ್ಟಿಯಲ್ಲಿರುವ ನಂಬರಿಗೂ ಬ್ಲಾಕಿನ ನಂಬರಿಗೂ ತಾಳೆ ಇದ್ದರೆ ನಿನ್ನ ಕಾರಿನ ಬೆಲೆ ಅಲ್ಲೇ ಒಂದು ಮೆಟ್ಟಿಲು ಏರಿತು.

ಇಲ್ಲಿ ನೋಂದಣಿಗೆ 2021ರ ವಿಂಟೇಜ್, ಅಂದರೆ ಹಳೆಯ ಗಾಡಿಗಳ ನಿಯಮ ಇದೆ. ಫೀ 20 ಸಾವಿರ, ಹತ್ತು ವರ್ಷಕ್ಕೆ, ಆಮೇಲೆ ನವೀಕರಣಕ್ಕೆ 5 ಸಾವಿರ. ನಂಬರ್ ಪ್ಲೇಟಿನ ಮೇಲೆ ಕೆಎ ಆದಮೇಲೆ ಗದಗಿನ 26ರ ಬದಲು ವಿಎ ಅಕ್ಷರ ಬರುತ್ತದೆ. ಎರಡು ಷರತ್ತು ಮರೆಯಬೇಡ. ದಿನದ ಓಡಾಟಕ್ಕೆ ಬಳಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಷ್ಟಕ್ಕೇ ರಸ್ತೆಗೆ ಇಳಿಸಬೇಕು. ತೋಂಟದಾರ್ಯ ಜಾತ್ರೆಗೆ ಹೋಗಿಬರಲು ನಡೆಯುವುದಿಲ್ಲ. ಎರಡನೆಯದು, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಿಸಿದರೆ ಅದನ್ನು ವಿಂಟೇಜ್ ಅನ್ನುವುದಿಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಕಾರು ಗದಗಿನಲ್ಲಿ ಇಳಿದ ಮೂರನೆಯ ದಿನವೇ ಯಾರಾದರೊಬ್ಬರು ಬಂದು 'ಕ್ವಾಲಿಸ್ ಡೀಸೆಲ್ ಎಂಜಿನ್ ಕೂಡಿಸೋಣಲೇ, ಎವರೇಜ್ ಚಲೋ ಕೊಡ್ತೈತಿ' ಅನ್ನುತ್ತಾರೆ. ಚಹಾ ಕುಡಿಸಿ ಕಳಿಸು.

ಇನ್ನೊಂದು. ಈಗ ಬಂಕಿನಲ್ಲಿ ಸಿಗುವುದು ಇ20 ಪೆಟ್ರೋಲು, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಹಳೆಯ ರಬ್ಬರ್ ಪೈಪು ಅದಕ್ಕೆ ಉಬ್ಬಿ ಒಡೆಯುತ್ತವೆ. ಎಥನಾಲ್ ತಾಳುವ ಪೈಪು ಹಾಕಿಸು, ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟಾಕಿ ಬಸಿದಿಡು. ಎರಡು ಕಾರ್ಬೊರೇಟರಿನ ಮೇಲಿನ ಡಬ್ಬಿಗಳಿಗೆ ಎಣ್ಣೆ ಬಿಡುವುದನ್ನು ನಮ್ಮ ಹುಡುಗರು ಮರೆಯುತ್ತಾರೆ, ಮರೆತರೆ ಆಕ್ಸಿಲರೇಟರ್ ತುಳಿದಾಗ ಗಾಡಿ ಕೆಮ್ಮುತ್ತದೆ.

ಪ್ರಶ್ನೆ: ನಮ್ಮ ತಂದೆಯವರು 2001ರಲ್ಲಿ ಕೊಂಡ ಹೋಂಡಾ ಸಿಟಿ ವಿಟೆಕ್ ಈಗ ನನ್ನ ಬಳಿ ಇದೆ. ಒಬ್ಬರೇ ಮಾಲೀಕರು, ಎಲ್ಲ ಬಿಲ್ಲುಗಳಿವೆ. ಬಣ್ಣ ಮಂಕಾಗಿದೆ, ಬಾಗಿಲಿಗೆ ಎರಡು ಗೀರು. ಪೂರ್ತಿ ಪೇಂಟ್ ಮಾಡಿಸಿ ಹೊಸದರಂತೆ ಮಾಡಿದರೆ ಬೆಲೆ ಹೆಚ್ಚುತ್ತದೆ ಎಂದು ಪೇಂಟರ್ ಹೇಳುತ್ತಾರೆ. ನಿಜವೇ?
– ಉಪನ್ಯಾಸಕಿ, ಸಾಧನಕೇರಿ, ಧಾರವಾಡ

ಉತ್ತರ: ಅಕ್ಕಾವ್ರೆ, ಬೇಡ. ಪೇಂಟರು ಸುಳ್ಳು ಹೇಳುತ್ತಿಲ್ಲ, ಅವರ ಕಣ್ಣಿಗೆ ಹಾಗೇ ಕಾಣುತ್ತದೆ. ನನ್ನ ಕಣ್ಣಿಗೂ ಒಂದು ಕಾಲಕ್ಕೆ ಹಾಗೇ ಕಂಡಿತ್ತು.

ಹದಿನೈದು ವರ್ಷದ ಹಿಂದೆ ಹಳೇ ಹುಬ್ಬಳ್ಳಿಯ ಒಂದು ಮನೆಯಿಂದ ನಾನು ಮೊದಲ ಮಾದರಿಯ ಮಾರುತಿ 800 ಕೊಂಡೆ, ಎಸ್‌ಎಸ್80 ಅನ್ನುತ್ತಾರಲ್ಲ, 1983ರಲ್ಲಿ ಬಂದದ್ದು. ಸ್ಪೋರ್ಟ್ಸ್ ಕಾರೇನಲ್ಲ, ಆದರೆ ಒಳಗಿನದೆಲ್ಲ ಸುಜುಕಿ. ಬಣ್ಣ ನಿಮ್ಮ ಕಾರಿನಂತೆ ಮಂಕು. ನಾನು ಎಲ್ಲ ಕೆರೆಸಿ, ಎರಡು ತಿಂಗಳು ಕೂತು, ಬ್ಯಾಡಗಿ ಮೆಣಸಿನಕಾಯಿಯಂಥ ಕೆಂಪು ಹೊಡೆಸಿದೆ. ಹೊಸ ಲೈಟು, ಹೊಸ ಗ್ಲಾಸು, ಹೊಸ ಸೀಟ್ ಬಟ್ಟೆ. ಹಳೆಯದನ್ನೆಲ್ಲ ಗುಜರಿಗೆ ಹಾಕಿದೆ. ಓಣಿಯ ಮಂದಿ ನಿಂತು ನೋಡಿದರು. ಬೆಂಗಳೂರಿನಿಂದ ಒಬ್ಬರು ಕೊಳ್ಳಲು ಬಂದರು, ಬಣ್ಣದ ದಪ್ಪ ಅಳೆಯುವ ಸಣ್ಣ ಮಷೀನು ಹಚ್ಚಿ ಸುತ್ತ ನೋಡಿ, 'ಹಳೆಯ ಲೈಟುಗಳು ಎಲ್ಲಿ?' ಅಂದರು. ಆ ಲೈಟಿನ ಮೇಲೆ ಮೇಡ್ ಇನ್ ಜಪಾನ್ ಅಂತ ಬರೆದಿತ್ತು, ನನಗೆ ನೆನಪಿದೆ. ಸ್ಕೂಟರ್ ಹತ್ತಿ ಗುಜರಿ ಅಂಗಡಿಗೆ ಓಡಿದೆ. ಒಡೆದು ತೂಕಕ್ಕೆ ಹಾಕಿ ಆಗಿತ್ತು. ಅವರು ಕೊಟ್ಟದ್ದು ನಾನು ಪೇಂಟಿಗೆ ಹಾಕಿದ ದುಡ್ಡನ್ನೂ ಮುಟ್ಟಲಿಲ್ಲ. ಹೋಗುವಾಗ ಮೆಲ್ಲಗೆ, 'ಹಾಂಗ ಬಿಟ್ಟಿದ್ರ ಹೆಚ್ಚು ಕೊಡ್ತಿದ್ದೆ ನೋಡ್ರಿ' ಅಂದರು.

ಹಾಗಾಗಿ ನಿಮಗೆ ಹೇಳುವುದು: ಫ್ಯಾಕ್ಟರಿಯ ಬಣ್ಣ ಒಂದೇ ಸಲ ಬರುತ್ತದೆ. ಚೆನ್ನಾಗಿ ತೊಳೆಸಿ, ಹಗುರ ಕೈಯಿಂದ ಪಾಲಿಶ್ ಮಾಡಿಸಿ. ಮಷೀನಿನಿಂದ ಒತ್ತಿ ಉಜ್ಜಿದರೆ ಮೇಲಿನ ಹೊಳಪಿನ ಪದರವೇ ಹೋಗುತ್ತದೆ. ಗೀರು ಪತ್ರಾದವರೆಗೆ ಇಳಿದಿದ್ದರೆ ಅಷ್ಟಕ್ಕೇ ಟಚಪ್, ಇಲ್ಲವಾದರೆ ಬಿಟ್ಟುಬಿಡಿ. ಧಾರವಾಡದ ಜಿಟಿಜಿಟಿ ಮಳೆ, ಅದರ ಮೇಲೆ ನಮ್ಮ ಎರಿಮಣ್ಣು. ಚಕ್ರದ ಕಮಾನಿನೊಳಗೆ ಆ ಮಣ್ಣು ಮೆತ್ತಿಕೊಂಡರೆ ವಾರಗಟ್ಟಲೆ ಹಸಿ ಹಿಡಿದಿಡುತ್ತದೆ. ಮಳೆಗಾಲದಲ್ಲಿ ಮೇಲಿನ ಮೈ ತೊಳೆಯದಿದ್ದರೂ ನಡೆದೀತು, ಕಮಾನಿನೊಳಗೆ ಪೈಪು ಹಿಡಿಯಿರಿ.

ನಿಮ್ಮ ಕಾರು ಏನು ಅಂತ ಗೊತ್ತಿರಲಿ. 1.5 ಲೀಟರು, 106 ಕುದುರೆ, 2000ದಲ್ಲಿ ಬಂತು, 2003ರಲ್ಲಿ ಆ ಮಾದರಿಯೇ ನಿಂತಿತು. ವಿಟೆಕ್ ಅಂದರೆ ಎಂಜಿನ್ನಿನ ವಾಲ್ವು ತೆರೆಯುವ ಒಂದೇ ಕ್ಯಾಮ್ ಶಾಫ್ಟಿನ ಮೇಲೆ ಎರಡು ನಮೂನೆಯ ಉಬ್ಬು. ನಿಧಾನ ಹೋಗುವಾಗ ಹೊಲಕ್ಕೆ ಹೋಗುವ ಎತ್ತು, ಆರ್‌ಪಿಎಂ ಏರಿದಾಗ ಎಣ್ಣೆಯ ಒತ್ತಡಕ್ಕೆ ಒಂದು ಪಿನ್ನು ಸರಿದು ದೊಡ್ಡ ಉಬ್ಬು ಹಿಡಿಯುತ್ತದೆ, ಆಗ ಅದೇ ಎತ್ತು ಕಾರಹುಣ್ಣಿಮೆಯ ಎತ್ತು. ಎಣ್ಣೆಯ ಒತ್ತಡದಿಂದಲೇ ಈ ಆಟ ನಡೆಯುವುದರಿಂದ ಎಂಜಿನ್ ಆಯಿಲ್ ಕಡಿಮೆ ಆಗಲು ಬಿಡಬಾರದು. ಆ ಎಣ್ಣೆಗೆ ದಾರಿ ಬಿಡುವ ವಿಟೆಕ್ ಸೊಲೆನಾಯ್ಡಿನ ಗ್ಯಾಸ್ಕೆಟ್ಟಿನಲ್ಲಿ ಸೋರುತ್ತದೆ, ಸಣ್ಣ ಕೆಲಸ, ಮಾಡಿಸಿ. ಟೈಮಿಂಗ್ ಬೆಲ್ಟ್ ಕಿಲೋಮೀಟರ್ ಆಗಿಲ್ಲ ಅಂತ ಬಿಡಬೇಡಿ, ರಬ್ಬರಿಗೆ ವಯಸ್ಸೂ ಲೆಕ್ಕ.

ಈ ಕಾರುಗಳು ಕೈ ಬದಲಾದಂತೆ ಹುಡುಗರು ತಗ್ಗಿಸಿ, ಸೈಲೆನ್ಸರ್ ಕೊಯ್ದು, ಬಾನೆಟ್ಟಿಗೆ ತೂತು ಕೊರೆದು ಹಾಳುಮಾಡಿದ್ದೇ ಹೆಚ್ಚು. ಯಾರೂ ಕೈ ಹಚ್ಚದ ಒಂದು ಕಾರು, ಜೊತೆಗೆ ತಂದೆಯವರ ಬಿಲ್ಲುಗಳ ಕಟ್ಟು! ಆ ಕಟ್ಟನ್ನು ಪ್ಲಾಸ್ಟಿಕ್ ಫೈಲಿನಲ್ಲಿಡಿ, ಪೇಂಟಿಗೆ ಎತ್ತಿಟ್ಟ ದುಡ್ಡಿನಲ್ಲಿ ಬಾಗಿಲ ರಬ್ಬರ್ ಬೀಡಿಂಗು, ಸಸ್ಪೆನ್ಷನ್ ಬುಶ್ಶು ಹಾಕಿಸಿ. ಬಿಚ್ಚಿದ ಹಳೆಯ ಭಾಗಗಳನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲಿಡಿ. ಆರ್‌ಸಿ 15 ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಣ, ಅದು ತಪ್ಪಿದ್ದರೆ ಮೊದಲು ಆ ಕೆಲಸ. 20 ವರ್ಷ ದಾಟಿದ ಗಾಡಿಗೆ 2025ರಲ್ಲಿ ಫೀ ಏರಿದೆ, ಗೊಣಗುತ್ತ ಕಟ್ಟಿಬಿಡಿ.

ಪ್ರಶ್ನೆ: ಇಪ್ಪತ್ತು ಲಕ್ಷ ಕೈಯಲ್ಲಿದೆ. ಹಳೆಯ ಜಪಾನಿ ಸ್ಪೋರ್ಟ್ಸ್ ಕಾರಿಗೆ ಹಾಕಿದರೆ ಹತ್ತು ವರ್ಷದಲ್ಲಿ ಮೂರು ಪಟ್ಟಾಗುತ್ತದೆ ಎಂದು ಗೆಳೆಯ ಹೇಳುತ್ತಾನೆ. ನಾನು ಮೆಣಸಿನಕಾಯಿ ವ್ಯಾಪಾರಿ, ಕಾರಿನ ಬಗ್ಗೆ ಗೊತ್ತಿಲ್ಲ.
– ವ್ಯಾಪಾರಿ, ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ಸಾಹೇಬ್ರ, ನಿಮಗೆ ಗೊತ್ತಿರುವಷ್ಟು ನಿಮ್ಮ ಗೆಳೆಯನಿಗೆ ಗೊತ್ತಿಲ್ಲ. ಡಬ್ಬಿ ಮೆಣಸಿನಕಾಯಿಯ ಒಂದು ಒಳ್ಳೆಯ ಲಾಟು ಟೆಂಡರಿನಲ್ಲಿ ದಾಖಲೆ ದರಕ್ಕೆ ಹೋದರೆ ಮರುದಿನ ಪೇಪರಿನಲ್ಲಿ ಬರುತ್ತದೆ. ಆ ದರಕ್ಕೆ ಅಂಗಳದಲ್ಲಿರುವ ಕಡ್ಡಿ ಮೆಣಸಿನಕಾಯಿ ಎಲ್ಲ ಹೋಗುತ್ತದೆಯೇ? ಇಲ್ಲೂ ಅಷ್ಟೆ. 2020ರ ಜನವರಿಯಲ್ಲಿ ಅಮೆರಿಕದಲ್ಲಿ ಒಂದು 1970ರ 240 ಝಡ್ 3 ಲಕ್ಷ 10 ಸಾವಿರ ಡಾಲರಿಗೆ ಹರಾಜಾಯಿತು. ಹೊಸದಿದ್ದಾಗ ಅಲ್ಲಿ ಅದರ ಬೆಲೆ 3,526 ಡಾಲರು. ಎಲ್ಲರೂ ಅದನ್ನೇ ಹೇಳುತ್ತಾರೆ. ಅದು ಓಡಿದ್ದು ಬರೀ 21 ಸಾವಿರ ಚಿಲ್ಲರೆ ಮೈಲಿ ಅನ್ನುವುದನ್ನು ಬಿಡುತ್ತಾರೆ. ಆ ಸರಣಿಯ ಕಾರುಗಳು 260, 280 ಎಲ್ಲ ಸೇರಿ ಐದು ಲಕ್ಷಕ್ಕೂ ಮೀರಿ ತಯಾರಾಗಿವೆ. ಟೊಯೊಟಾ 2000 ಜಿಟಿ ಆದದ್ದು 351, ಹಾಗಾಗಿ ಅದು ಹತ್ತು ಲಕ್ಷ ಡಾಲರ್ ದಾಟಿದ್ದೂ ಇದೆ. 1973ರ ನಿಸಾನ್ ಸ್ಕೈಲೈನ್ ಜಿಟಿ-ಆರ್ ಆದದ್ದು 197. ಅವು ನಿಮ್ಮ ಇಪ್ಪತ್ತು ಲಕ್ಷಕ್ಕೆ ಟೈರೂ ತೋರಿಸುವುದಿಲ್ಲ.

ಬೆಲೆ ಏರುವುದಕ್ಕೆ ಕಾರಣಗಳೂ ನಮ್ಮ ಕೈಯಲ್ಲಿಲ್ಲ. ಅಮೆರಿಕದಲ್ಲಿ 25 ವರ್ಷ ದಾಟಿದ ಗಾಡಿ ತರಿಸಿಕೊಳ್ಳಲು ಬಿಡುತ್ತಾರೆ. 1989ರ ಸ್ಕೈಲೈನಿಗೆ 2014ರಲ್ಲಿ ಆ ಬಾಗಿಲು ತೆರೆಯಿತು, ಅಲ್ಲಿನವರು ಮುಗಿಬಿದ್ದರು, ಜಪಾನಿನಲ್ಲೇ ದರ ಏರಿತು. ನಮ್ಮಲ್ಲಿ 50 ವರ್ಷದ ಲೆಕ್ಕ. 1983ರ ಟೊಯೊಟಾ ಎಇ86 ಬೇಕೆಂದರೆ 2033ರವರೆಗೆ ಕಾಯಬೇಕು. ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಚೀಲಕ್ಕೆ ಬಾಡಿಗೆ ಕಟ್ಟುತ್ತೀರಲ್ಲ, ಕಾರಿಗೂ ಹಾಗೆ: ಶೆಡ್ಡು, ವಿಮೆ, ಬ್ಯಾಟರಿ, ವರ್ಷಕ್ಕೊಮ್ಮೆ ಎಣ್ಣೆ, ಇಲಿ ಕಡಿದ ವೈರಿಂಗು. ಓಡಿಸುವ ಆಸೆ ಇದ್ದರೆ ಬನ್ನಿ, ಹುಡುಕೋಣ. ಬರೀ ದುಡ್ಡು ಬೆಳೆಸುವುದಿದ್ದರೆ ನೀವು ಬಲ್ಲ ವ್ಯಾಪಾರದಲ್ಲೇ ಹಾಕಿರಿ.

ಪ್ರಶ್ನೆ: ಕಾಕಾ, ಎಇ86 ನನ್ನ ಕನಸಿನ ಕಾರು. ಸಿಗುವುದಿಲ್ಲ ಅಂತ ಗೊತ್ತು. ಮನೆಯಲ್ಲಿರುವ ಅಪ್ಪನ ಹೆಸರಿನ ಮಾರುತಿ 800ಕ್ಕೆ ಅದರಂತೆ ಕಪ್ಪು-ಬಿಳಿ ಬಣ್ಣ ಹೊಡೆಸಬಹುದೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಎಇ86ನ್ನು ಹಿಂದಿನ ಚಕ್ರ ತಳ್ಳುತ್ತದೆ, 800ನ್ನು ಮುಂದಿನ ಚಕ್ರ ಎಳೆಯುತ್ತದೆ. ಬಣ್ಣ ಬಳಿದರೆ ನಿನ್ನ 800 ಎಇ86ರ ಹಾಗೆ ತಿರುವಿನಲ್ಲಿ ಅಡ್ಡ ಜಾರುವುದಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಬಣ್ಣ ಬದಲಿಸಿದರೆ ಆರ್‌ಟಿಓದಲ್ಲಿ ಆರ್‌ಸಿ ಮೇಲೆ ಬರೆಸಬೇಕು, ಆ ಅರ್ಜಿಗೆ ಮಾಲೀಕರ ಸಹಿ ಬೇಕು. ಮಾಲೀಕರು ಯಾರು ಅಂತ ನೀನೇ ಬರೆದಿದ್ದೀ. ಅವರ ಹತ್ತಿರ ಕೇಳು, ಏನಂದರು ಅಂತ ನನಗೂ ಒಂದು ಸಾಲು ಬರೆ.