ಗ್ಯಾಸ್ಟ್ರಿಕ್ ಅಂದ್ಕೊಂಡಿದ್ವಿ, ಮೆದುಳಲ್ಲಿ ಗಡ್ಡೆ ಇತ್ತು

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ 7 ವರ್ಷ. ಬೆಳಿಗ್ಗೆ ಎದ್ದ ತಕ್ಷಣ ತಲೆನೋವು, ವಾಂತಿ, ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಆಟ ಆಡ್ತಿದ್ದ, ಅದಕ್ಕೇ ಗ್ಯಾಸ್ಟ್ರಿಕ್ ಅಂತ ಎರಡು ತಿಂಗಳು ಸಿರಪ್ ಕೊಟ್ವಿ. ನಡೆಯುವಾಗ ಒಂದು ಕಡೆ ವಾಲೋಕೆ ಶುರುವಾದ್ಮೇಲೆ ಎಂಆರ್‌ಐ ಮಾಡ್ಸಿದ್ರೆ ಮೆಡುಲ್ಲೋಬ್ಲಾಸ್ಟೋಮಾ, ಅಂದ್ರೆ ಮೆದುಳಿನ ಹಿಂಭಾಗದ ಕ್ಯಾನ್ಸರ್ ಗಡ್ಡೆ ಅಂದ್ರು. ಆಪರೇಷನ್ ಆಗಿದೆ. ಮೊದಲೇ ತೋರಿಸಿದ್ರೆ ಚೆನ್ನಾಗಿರ್ತಿತ್ತಾ? ಮೊಬೈಲ್ ಕೊಟ್ಟಿದ್ದಕ್ಕೇ ಹೀಗಾಯ್ತು ಅಂತ ಮನೆಯವರು ನನ್ನನ್ನೇ ಅಂತಾರೆ.

ಉತ್ತರ: ಮೊದಲು ಮೊಬೈಲ್ ವಿಷಯ ಮುಗಿಸ್ಬಿಡೋಣ ಅಮ್ಮ. 14 ದೇಶಗಳಲ್ಲಿ 10ರಿಂದ 24 ವರ್ಷದವರನ್ನ ಸೇರಿಸ್ಕೊಂಡು ಮಾಡಿದ ಮೊಬಿ-ಕಿಡ್ಸ್ ಅಧ್ಯಯನದಲ್ಲಿ ಫೋನಿಗೂ ಮೆದುಳಿನ ಗಡ್ಡೆಗೂ ನಂಟು ಸಿಕ್ಕಿಲ್ಲ. ಗಟ್ಟಿಯಾಗಿ ಗೊತ್ತಿರೋ ಕಾರಣ ಎರಡೇ, ಹಿಂದೆ ಯಾವುದೋ ಕಾಯಿಲೆಗೆ ತಲೆಗೆ ಕೊಟ್ಟ ರೇಡಿಯೇಷನ್, ಮತ್ತೆ ಲಿ-ಫ್ರಾಮೆನಿ, ನ್ಯೂರೋಫೈಬ್ರೋಮಾಟೋಸಿಸ್ ಥರದ ಜೀನ್ ತೊಂದರೆಗಳು. ಹೆಚ್ಚಿನ ಮಕ್ಕಳಲ್ಲಿ ಇವೆರಡೂ ಇರಲ್ಲ. ಇದನ್ನ ಮನೆಯವರಿಗೂ ಓದಿಸಿ.

ಇನ್ನು ಎರಡು ತಿಂಗಳ ವಿಷಯ. ಬ್ರಿಟನ್‌ನಲ್ಲಿ 2011ರಲ್ಲಿ ಹೆಡ್‌ಸ್ಮಾರ್ಟ್ ಅಂತ ಜಾಗೃತಿ ಅಭಿಯಾನ ಶುರುವಾಗೋ ಮುಂಚೆ ಅಲ್ಲಿ ಮೆದುಳಿನ ಗಡ್ಡೆ ಇದ್ದ ಅರ್ಧದಷ್ಟು ಮಕ್ಕಳಿಗೆ ಮೊದಲ ಲಕ್ಷಣದಿಂದ ಪತ್ತೆಯಾಗೋವರೆಗೆ 14 ವಾರಕ್ಕಿಂತ ಜಾಸ್ತಿನೇ ಹಿಡೀತಿತ್ತು, ಆಮೇಲೆ ಅದು 7 ವಾರದೊಳಗೆ ಬಂತು. ಅಂದ್ರೆ ನಿಮ್ಮದು ಅಪರೂಪದ ತಡ ಏನಲ್ಲ. ಇನ್ನೊಂದು ವಿಚಿತ್ರ, ಬೇಗ ಪತ್ತೆಯಾದ ಮಕ್ಕಳೇ ಹೆಚ್ಚು ಬದುಕ್ತಾರೆ ಅಂತ ಅಂಕಿಅಂಶ ನೇರವಾಗಿ ಹೇಳಲ್ಲ, ಯಾಕಂದ್ರೆ ಉಗ್ರವಾದ ಗಡ್ಡೆ ಬೇಗ ಬೆಳೆದು ಬೇಗ ಜೋರಾಗಿ ಕಾಣಿಸ್ಕೊಳ್ಳುತ್ತೆ, ನಿಧಾನದ್ದು ತಿಂಗಳುಗಟ್ಲೆ ಅಡಗಿರುತ್ತೆ. ಹಾಗಂತ ತಡ ಆದ್ರೂ ಪರ್ವಾಗಿಲ್ಲ ಅಂತ ನಾನು ಹೇಳ್ತಿಲ್ಲ, ತಲೆಯೊಳಗಿನ ಒತ್ತಡ ಜಾಸ್ತಿ ದಿನ ಇದ್ರೆ ಕಣ್ಣಿನ ನರಕ್ಕೆ ಪೆಟ್ಟು ಬೀಳುತ್ತೆ.

ಈಗ ನಿಮಗೆ ನಿಜವಾಗ್ಲೂ ಬೇಕಾಗಿರೋದು ಹಿಂದಿನ ಲೆಕ್ಕ ಅಲ್ಲ, ಮುಂದಿನ ರಿಪೋರ್ಟ್‌ಗಳು. ಗಡ್ಡೆ ಪೂರ್ತಿ ತೆಗೆದ್ರಾ, ಉಳಿದಿದ್ರೆ ಎಷ್ಟು (1.5 ಚದರ ಸೆಂಟಿಮೀಟರ್‌ಗಿಂತ ಜಾಸ್ತಿ ಉಳಿದ್ರೆ ಅಪಾಯ ಹೆಚ್ಚು ಅಂತ ಲೆಕ್ಕ), ಬೆನ್ನುಹುರಿಯ ಎಂಆರ್‌ಐಯಲ್ಲಿ, ಬೆನ್ನಿಂದ ತೆಗೆದ ನೀರಲ್ಲಿ ಹರಡಿರೋದು ಕಂಡಿದ್ಯಾ, ಜೀನ್ ಪರೀಕ್ಷೆಯಲ್ಲಿ ಯಾವ ಗುಂಪು ಬಂತು, ಇವಿಷ್ಟನ್ನ ಕೇಳಿ. ಮೆಡುಲ್ಲೋಬ್ಲಾಸ್ಟೋಮಾದಲ್ಲಿ ನಾಲ್ಕು ಮುಖ್ಯ ಗುಂಪುಗಳಿವೆ. ಡಬ್ಲ್ಯುಎನ್‌ಟಿ ಗುಂಪಿನ ಮಕ್ಕಳಲ್ಲಿ ಸರಿಯಾದ ಚಿಕಿತ್ಸೆ ಸಿಕ್ಕಿದ್ರೆ 90% ಮೇಲೆ ಗುಣ ಆಗ್ತಾರೆ, ಗುಂಪು 3ರಲ್ಲಿ ದಾರಿ ಕಷ್ಟ. 3 ವರ್ಷದೊಳಗಿನ ಮಗು ಆಗಿದ್ರೆ ಬೆಳೆಯೋ ಮೆದುಳಿಗೆ ರೇಡಿಯೇಷನ್ ಕೊಡೋಕೆ ಹಿಂಜರೀತಾರೆ, ನಿಮ್ಮ ಮಗನಿಗೆ 7 ಆಗಿರೋದ್ರಿಂದ ಆ ದಾರಿ ತೆರೆದಿದೆ.

ಆಪರೇಷನ್ ಆದ್ಮೇಲೆ ಮಾತು ನಿಂತಿದ್ಯಾ? ಕೆಲವು ಮಕ್ಕಳಲ್ಲಿ ಹಾಗಾಗುತ್ತೆ, ವಾರಗಳಲ್ಲೋ ತಿಂಗಳುಗಳಲ್ಲೋ ಮಾತು ವಾಪಸ್ ಬರುತ್ತೆ, ಹಠ ಅಂತ ಬೈಬೇಡಿ. ಸಿಸ್‌ಪ್ಲಾಟಿನ್ ಅನ್ನೋ ಕಿಮೋ ಔಷಧಿ ಕಿವಿ ಕೇಳಿಸೋದಕ್ಕೆ ಪೆಟ್ಟು ಕೊಡಬಹುದು, ಅದನ್ನ ಕೊಡೋದಾದ್ರೆ ಕಿವಿ ಪರೀಕ್ಷೆ ಮೊದಲೇ ಮಾಡಿಸಿ, ರೇಡಿಯೇಷನ್ ಮುಗಿದ್ಮೇಲೆ ವರ್ಷವರ್ಷ ಎತ್ತರ, ಥೈರಾಯ್ಡ್, ಓದು ಮೂರನ್ನೂ ಗಮನಿಸ್ತಿರಿ.

ಪ್ರಶ್ನೆ: ನನ್ನ ಮಗಳಿಗೂ ಆಗಾಗ ತಲೆನೋವು, ಸ್ಕ್ಯಾನ್ ಮಾಡಿಸ್ಲಾ?

ಉತ್ತರ: ಬರೀ ತಲೆನೋವಿಗೆ ಬೇಕಾಗಲ್ಲ. ಬೆಳಗಿನ ವಾಂತಿ, ಹೊಸದಾಗಿ ಬಂದ ಮೆಳ್ಳೆಗಣ್ಣು, ತಲೆ ಒಂದೇ ಕಡೆ ಓರೆ ಇಟ್ಕೊಳ್ಳೋದು, ಎಡವೋದು, ಫಿಟ್ಸ್, ಇದರಲ್ಲಿ ಒಂದು ಜೊತೆಗಿದ್ರೂ ಈ ವಾರವೇ ತೋರಿಸಿ. ಮೈಮೇಲೆ ಕಾಫಿ ಬಣ್ಣದ ಮಚ್ಚೆ ಆರೋ ಅದಕ್ಕಿಂತ ಜಾಸ್ತಿನೋ ಇದ್ರೆ ಅದನ್ನೂ ಡಾಕ್ಟ್ರಿಗೆ ಹೇಳಿ, ಅದು ಮೇಲೆ ಹೇಳಿದ ನ್ಯೂರೋಫೈಬ್ರೋಮಾಟೋಸಿಸ್‌ನ ಗುರುತಾಗಿರಬಹುದು.